ಮೂರನೇ ಪುಟ

ನನ್ನ ಕಿಟಕಿಯ ಗಾಜಿಗೆ ಅಂಟಿಸಿದ ಚೀಟಿ:
ಇಲ್ಲಿ ಕಾನೂನು ಸಲಹೆ ಕೊಡುವುದಿಲ್ಲ.
ಹತ್ತೊಂಬತ್ತು ವರ್ಷದಿಂದ ನನಗೆ ಕಂಡದ್ದು
ಅದರ ಬೆನ್ನು ಮಾತ್ರ.

ಸಣ್ಣ ಕೌಂಟಿ ನಮ್ಮದು, ಡಕೋಟಾದ ಒಂದು ಮೂಲೆ;
ಜನಕ್ಕಿಂತ ದನ ಹೆಚ್ಚು, ದನಕ್ಕಿಂತ ಗಾಳಿ.
ನ್ಯಾಯಾಧೀಶರು ಬರುವುದು ಮಂಗಳವಾರ,
ತೊಂಬತ್ತು ಮೈಲಿಯಾಚೆಯಿಂದ, ಬುತ್ತಿ ಕಟ್ಟಿಕೊಂಡು.
ವಕೀಲರು ಇಬ್ಬರಿದ್ದರು. ಒಬ್ಬರು ತೀರಿಕೊಂಡರು.
ಇನ್ನೊಬ್ಬ ಆರ್ಡೆಲ್ ಹಾಗೆನ್‌ನ ಭಾವಮೈದ.

ಆ ಆರ್ಡೆಲ್ ಅಕ್ಟೋಬರ್ ಕೊನೆಗೆ ಬಂದು
ಮನೆ ತೆರವಿನ ಫಾರಂ ಕೇಳಿದ.
ಧಾನ್ಯದ ಗೋದಾಮಿನ ಹಿಂದಿನ ಟ್ರೇಲರ್ ಮನೆ,
ಎರಡು ತಿಂಗಳ ಬಾಡಿಗೆ, ಎಂಟುನೂರ ಐವತ್ತು.
ಟ್ವೈಲಾ ಬಾಷ್ ಎಂದು ಬರೆಯುವಾಗ ಪೆನ್ನು ನಿಂತಿತು;
ಪೆನ್ನಿನದೇ ತಪ್ಪು, ಟ್ರಕ್ಕಿನ ಚಳಿಗೆ ಶಾಯಿ ಗಟ್ಟಿಯಾಗಿತ್ತು.
ಅವನ ತಾಯಿಯ ಕೊನೆಯ ಚಳಿಗಾಲವೆಲ್ಲ
ವೃದ್ಧಾಶ್ರಮದ ರಾತ್ರಿಪಾಳಿಯಲ್ಲಿ
ಮಗ್ಗುಲು ಬದಲಿಸಿದವಳು ಟ್ವೈಲಾ.
ಅದನ್ನು ಬರೆಯಲು ಫಾರಮಿನಲ್ಲಿ ಕಲಮು ಇಲ್ಲ.

ಮೂರು ದಿನದ ನೋಟಿಸು.
ಡೆಪ್ಯುಟಿ ಲೈಲ್ ಬಾಗಿಲಿಗೆ ಅಂಟಿಸಿದ, ಫೋಟೊ ತೆಗೆದ,
ಅದೇ ಬಾಗಿಲಲ್ಲಿ ನಿಂತು ಕಾಫಿ ಕುಡಿದ.
ಏನು ಮಾಡಲಿ ಟ್ವೈಲಾ, ಅಂದನಂತೆ.
ಸಕ್ಕರೆ ಹಾಕಿಕೊ, ಅಂದಳಂತೆ.

ಸಮನ್ಸು ಬಂದ ಮಾರನೆಯ ಬೆಳಿಗ್ಗೆ
ಕಿಟಕಿಯಾಚೆ ಅವಳು, ಸಮವಸ್ತ್ರದಲ್ಲೇ, ಕಣ್ಣ ಕೆಳಗೆ ರಾತ್ರಿ.
ಬಿಸ್ಕತ್ತಿನ ಡಬ್ಬಿ ಬೋರಲು ಹಾಕಿ ಕಾಗದ ಹರಡಿದಳು:
ಕರೆಂಟು ಬಿಲ್ಲು, ಮಗಳ ಹಲ್ಲಿನ ಡಾಕ್ಟರ ಚೀಟಿ,
ಮೇವಿನ ಅಂಗಡಿಯ ರಸೀದಿಯ ಬೆನ್ನಿಗೆ ಆರ್ಡೆಲ್‌ನ ಕೈಬರಹ:
ಅರ್ಧ ಹಂದಿ ಮುಟ್ಟಿತು. ಬಾಡಿಗೆ ಬಾಬ್ತು ಎಂಬತ್ತು ಡಾಲರ್ ಮುಜರಾ.
ತಾರೀಕು ನೋಡಿದೆ.
ನೋಟಿಸು ಅಂಟಿಸಿದ ಎರಡನೆಯ ದಿನ.

ನೋಟಿಸು ಕೊಟ್ಟ ಮೇಲೆ ಬಾಡಿಗೆ ಮುಟ್ಟಿಸಿಕೊಂಡರೆ
ನೋಟಿಸು ಸತ್ತ ಹಾಗೆ.
ವಾಕ್ಯ ನಾಲಗೆಯ ತುದಿಗೆ ಬಂದು ಕೂತಿತು.
ಚೀಟಿ ನನಗೆ ಬೆನ್ನು ಹಾಕಿಯೇ ನಿಂತಿತ್ತು.
ಇದೆಲ್ಲ ಕಸ ಅಲ್ವಾ, ಅನ್ನುತ್ತ
ಅವಳು ಮತ್ತೆ ಡಬ್ಬಿಗೆ ತುಂಬತೊಡಗಿದಳು.
ನಾನು ಉತ್ತರದ ಫಾರಂ ಕೊಟ್ಟೆ,
ಸ್ಟೇಪ್ಲರ್ ಒತ್ತಿದೆ, ಒತ್ತಿದ್ದನ್ನೇ ಒತ್ತಿದೆ,
ಮೂರನೇ ಪುಟ ನಿಧಾನಕ್ಕೆ ಓದು, ಅಂದೆ.
ಅಷ್ಟೇ ಅಂದದ್ದು. ಆಣೆ ಮಾಡಿ ಹೇಳಬಲ್ಲೆ.

ಮಂಗಳವಾರ. ನಾಲ್ಕೇ ನಿಮಿಷ.
ಹಂದಿ ಮುಟ್ಟಿತೇ, ಮಿಸ್ಟರ್ ಹಾಗೆನ್?
ಆರ್ಡೆಲ್ ಸುಳ್ಳಾಡುವವರ ಪೈಕಿ ಅಲ್ಲ.
ಮುಟ್ಟಿತು, ಚೆನ್ನಾಗಿತ್ತು, ಅಂದ.
ಭಾವಮೈದ ಛಾವಣಿ ನೋಡಿದ.
ದಾವೆ ವಜಾ.

ಟ್ವೈಲಾ ಅತ್ತದ್ದು ಕಾಣಲಿಲ್ಲ, ನಕ್ಕದ್ದೂ.
ನಿದ್ದೆ ಬಾಕಿ ಇದೆ ಎಂದು ಹೊರಟಳು.
ಅದೊಂದೇ ಅಲ್ಲ. ಎಂಬತ್ತು ಕಳೆದರೆ ಏಳುನೂರ ಎಪ್ಪತ್ತು,
ಅದರ ಮೇಲೆ ನವೆಂಬರ್
ಸದ್ದಿಲ್ಲದೆ ಬೀಳುತ್ತಿತ್ತು.

ಊಟದ ಹೊತ್ತಿಗೆ ಕಿಟಕಿಯಾಚೆ ಆರ್ಡೆಲ್, ಟೋಪಿ ಕೈಯಲ್ಲಿ.
ಅವನದೂ ಬಾಕಿ ಇದೆ, ಆಸ್ತಿ ತೆರಿಗೆ, ಪಕ್ಕದ ಕಿಟಕಿಯಲ್ಲಿ;
ಈ ಕಟ್ಟಡದ ಗೋಡೆ ತೆಳು, ನನಗೆ ಗೊತ್ತು.
ಎಲ್ಲಿ ತಪ್ಪಿದೆ ನಾನು, ಅಂದ.
ಹೊಸ ಫಾರಂ ತೆಗೆದು ಪುಟ ಎಣಿಸಿದೆ.
ಮೂರನೇ ಪುಟ, ಅಂದೆ. ನಿಧಾನಕ್ಕೆ ಓದು.

ಅಲ್ಲೇ ನಿಂತು ಓದಿದ, ತುಟಿ ಆಡಿಸುತ್ತ, ಬಹಳ ಹೊತ್ತು,
ನನ್ನ ಸೂಪು ಆರುವಷ್ಟು ಹೊತ್ತು.
ಆಮೇಲೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ.
ಇವತ್ತೇ ಮುದ್ರೆ ಹಾಕು ಅನ್ನಲಿಲ್ಲ.
ಬಾಗಿಲವರೆಗೆ ಹೋದವನು ತಿರುಗಿ ಕೇಳಿದ:
ಆ ಹಂದಿಯ ಉಳಿದರ್ಧ
ಅವಳ ಹತ್ತಿರ ಇನ್ನೂ ಇರಬಹುದಾ?

ನಾನು ಚೀಟಿಯ ಕಡೆ ಬೆರಳು ಮಾಡಿದೆ.